ಪರಿಸರ ಸಪ್ತಾಹವೂ ಎಂಟನೆಯ ದಿನವೂ

ಸಪ್ತಾಹವೆಂಬ ಶಬ್ದವು ನಮ್ಮ ಭಾಗದ ಜನರಿಗೆ ಹೊಸದಲ್ಲ. ಸಾಂಗಲಿ, ಮಿರಜ, ಜತ್ತ ಭಾಗದ ಹಳ್ಳಿಗಳಲ್ಲಿ ನಡೆಯುವ ನಾಮಸಪ್ತಾಹವನ್ನು ನಮ್ಮ ಮಕ್ಕಳಲ್ಲಿ ಅನೇಕರು ಕಣ್ಣಾರೆ ಕಂಡಿರುವರು. ಏಳು ದಿನಗಳ ವರೆಗೆ ವೀಣೆಯನ್ನು ನೆಲಕ್ಕಿಳಿಸದೆ ಸರದಿಯಂತೆ ಒಬ್ಬರಿಂದೊಬ್ಬರು ಹೊತ್ತು ನಿಲ್ಲುತ್ತಾರೆ. ಹಗಲಿರುಳು ಭಜನೆ ಸಾಗುತ್ತದೆ. ಕಡೆಯ ದಿನ ಊರಿಗೆಲ್ಲ ಪ್ರಸಾದವಾಗುತ್ತದೆ. ಒಂದು ಮನೆಯವರಿಂದ ಸಾಧ್ಯವಾಗದ ಕಾರ್ಯವನ್ನು ಇಡಿಯ ಊರು ಪಾಳಿ ಹಂಚಿಕೊಂಡು ಸಾಧಿಸುವುದೇ ಸಪ್ತಾಹದ ಮರ್ಮವಾಗಿದೆ.

ಇದೇ ಮರ್ಮವನ್ನರಿತು ಇತ್ತೀಚೆಗೆ ದೇಶವಿದೇಶಗಳ ನಗರಗಳು ಪರಿಸರ ಸಪ್ತಾಹಗಳನ್ನು ಆಚರಿಸುತ್ತಿವೆ. ಇವುಗಳ ಉದ್ದೇಶ ಸುಸ್ಥಿರ ಜೀವನದ ಪ್ರಸಾರ. ಸುಸ್ಥಿರ ಜೀವನವೆಂದರೆ ಮೊಮ್ಮಕ್ಕಳ ಪಾಲಿನ ನೀರು, ಮಣ್ಣು, ಗಾಳಿಗಳನ್ನು ನಾವೇ ತಿಂದು ತೀರಿಸದಂತೆ ಬಾಳುವ ಕ್ರಮ. ನಮ್ಮ ದೇಶದಲ್ಲಿ ಇಂತಹ ಆಚರಣೆಗೆ ಭದ್ರವಾದ ತಳಹದಿ ಬಿದ್ದುದು 1950ರ ಜುಲೈ ತಿಂಗಳಲ್ಲಿ. ಆಗ ಕೇಂದ್ರದಲ್ಲಿ ಆಹಾರ ಮತ್ತು ಕೃಷಿ ಮಂತ್ರಿಗಳಾಗಿದ್ದ ಶ್ರೀ ಕೆ. ಎಮ್. ಮುನ್ಶಿಯವರು ವನಮಹೋತ್ಸವವನ್ನು ಪ್ರಾರಂಭಿಸಿದರು. ಇಂದಿಗೂ ಜುಲೈ ಮೊದಲ ವಾರದಲ್ಲಿ ಶಾಲೆಶಾಲೆಗಳಲ್ಲಿ ಸಸಿಗಳನ್ನು ನೆಡುವ ಪದ್ಧತಿಯು ಅದರಿಂದಲೇ ಬಂದುದು. ಮುಂದೆ 1972ರಲ್ಲಿ ಸ್ವೀಡನ್ ದೇಶದ ಸ್ಟಾಕ್‌ಹೋಮ್ ನಗರದಲ್ಲಿ ಮಾನವ ಪರಿಸರವನ್ನು ಕುರಿತು ವಿಶ್ವಸಂಸ್ಥೆಯ ಪರಿಷತ್ತು ಜರುಗಿತು. ಮರುವರ್ಷದಿಂದ ಜೂನ್ 5 ವಿಶ್ವ ಪರಿಸರ ದಿನವಾಯಿತು.

ಮಹಾರಾಷ್ಟ್ರದ ಮಣ್ಣಿನಲ್ಲಿ ಈ ವಿಚಾರಕ್ಕೆ ಇನ್ನೂ ಹಳೆಯ ಬೇರುಗಳಿವೆ. ಸಂತ ಗಾಡಗೇ ಮಹಾರಾಜರು (1876–1956) ಯಾವ ಊರಿಗೆ ಹೋದರೂ ಮೊದಲು ಕೈಯಲ್ಲಿ ಕಸಬರಿಗೆ ಹಿಡಿದು ಬೀದಿ ಗುಡಿಸುತ್ತಿದ್ದರು. ಕೀರ್ತನೆಯು ರಾತ್ರಿಗೆ. ಅವರ ಹೆಸರಿನಲ್ಲಿಯೇ 2000ದಲ್ಲಿ ಗ್ರಾಮ ಸ್ವಚ್ಛತಾ ಅಭಿಯಾನವನ್ನು ಆರಂಭಿಸಿದವರು ಆಗ ರಾಜ್ಯದ ಗ್ರಾಮವಿಕಾಸ ಮಂತ್ರಿಗಳಾಗಿದ್ದ ದಿವಂಗತ ಆರ್. ಆರ್. ಪಾಟೀಲರು. ಅವರು ನಮ್ಮ ಸಾಂಗಲಿ ಜಿಲ್ಲೆಯ ತಾಸಗಾವ ತಾಲೂಕಿನ ಅಂಜನಿ ಗ್ರಾಮದವರೆಂಬುದು ನಮಗೆ ಅಭಿಮಾನದ ವಿಷಯ. ಗ್ರಾಮಗಳ ನಡುವೆ ಸ್ಪರ್ಧೆಯನ್ನೇರ್ಪಡಿಸಿ, ಸ್ವಚ್ಛ ಗ್ರಾಮಗಳಿಗೆ ಬಹುಮಾನ ಕೊಡುವುದು ಇದರ ಕ್ರಮವಾಗಿದ್ದಿತು. ಜನರು ಶ್ರಮದಾನದಿಂದ ಚರಂಡಿ ತೋಡಿದರು, ತಿಪ್ಪೆಗಳನ್ನು ಊರಾಚೆ ಸಾಗಿಸಿದರು. ತರುವಾಯ 2020ರ ಅಕ್ಟೋಬರ್ 2ರಂದು ರಾಜ್ಯ ಸರಕಾರವು 'ಮಾಝೀ ವಸುಂಧರಾ' ಅಭಿಯಾನವನ್ನು ಪ್ರಾರಂಭಿಸಿತು. ಭೂಮಿ, ನೀರು, ಗಾಳಿ, ಅಗ್ನಿ, ಆಕಾಶವೆಂಬ ಪಂಚಮಹಾಭೂತಗಳೇ ಅದರ ಆಧಾರ.

ಈಗ ನಮ್ಮ ಊರುಗಳತ್ತ ನೋಡೋಣ. ಸಾಂಗಲಿ ಮಿರಜಗಳ ಬಾಳೆಲ್ಲವೂ ಕೃಷ್ಣೆಯನ್ನು ಅವಲಂಬಿಸಿದೆ. ಮಹಾಬಳೇಶ್ವರದಲ್ಲಿ ಹುಟ್ಟಿದ ಈ ನದಿಯು ಕರಾಡದಲ್ಲಿ ಕೊಯನೆಯನ್ನೂ, ಸಾಂಗಲಿಯ ಮಗ್ಗುಲಿನ ಹರಿಪುರದಲ್ಲಿ ವಾರಣೆಯನ್ನೂ, ನರಸೋಬಾವಾಡಿಯಲ್ಲಿ ಪಂಚಗಂಗೆಯನ್ನೂ ಕೂಡಿಕೊಂಡು ಕರ್ನಾಟಕವನ್ನು ಪ್ರವೇಶಿಸುತ್ತದೆ. ಸಾಂಗಲಿ, ಮಿರಜ ಮತ್ತು ಕುಪವಾಡ ಈ ಮೂರು ಊರುಗಳು 1998ರಲ್ಲಿ ಒಂದೇ ಮಹಾನಗರಪಾಲಿಕೆಯಾದುವು. 2011ರ ಜನಗಣತಿಯಂತೆ ಇಲ್ಲಿ 5 ಲಕ್ಷಕ್ಕೂ ಮಿಕ್ಕಿ ಜನರಿದ್ದರು. ಇಷ್ಟು ಜನರು ಬಳಸಿ ಬಿಟ್ಟ ನೀರು ಎಲ್ಲಿಯಾದರೂ ಹೋಗಲೇಬೇಕಷ್ಟೆ. ಸಾಂಗಲಿಯ ಶೇರಿ ನಾಲೆಯು ಊರಿನ ಹೊಲಸನ್ನು ಹೊತ್ತು ಕೃಷ್ಣೆಗೆ ಸೇರುವ ಪ್ರಶ್ನೆಯು ಹಲವು ದಶಕಗಳಿಂದ ಚರ್ಚೆಯಲ್ಲಿದೆ. ನಾವು ಚರಂಡಿಗೆ ಚೆಲ್ಲಿದುದು ಅಲ್ಲಿಗೇ ಮುಗಿಯುವುದಿಲ್ಲ. ಅದು ಕೆಳದಂಡೆಗೆ, ಯಡೂರು, ಕುಡಚಿಗಳ ಕಡೆಗೆ ಸಾಗುತ್ತದೆ. ಅಲ್ಲಿರುವವರು ನಮ್ಮ ನಂಟರು, ನಮ್ಮದೇ ನುಡಿಯವರು. ಮೇಲ್ದಂಡೆಯವರ ನಡತೆಯೇ ಕೆಳದಂಡೆಯವರ ಆರೋಗ್ಯವೆಂಬುದನ್ನು ನಾವು ಮರೆಯಲಾಗದು.

ಇದೇ ನದಿಯು ಉಕ್ಕಿದರೆ ಏನಾಗುವುದೆಂಬುದನ್ನು 2005, 2019 ಮತ್ತು 2021ರ ಮಹಾಪೂರಗಳು ನಮಗೆ ಕಲಿಸಿವೆ. ಸಾಂಗಲಿಯಲ್ಲಿ 1929ರಲ್ಲಿ ತೆರೆದ ಐರ್ವಿನ್ ಸೇತುವೆಯ ಬಳಿ ಅಪಾಯದ ಮಟ್ಟ 45 ಅಡಿ. 2019ರ ಆಗಸ್ಟಿನಲ್ಲಿ ನೀರು 57 ಅಡಿಯನ್ನೂ ಮೀರಿತು. ಇಂತಹ ಪೂರವನ್ನು ನಮ್ಮ ಸಪ್ತಾಹವು ತಡೆಯಲಾರದು. ಅದು ಸಹ್ಯಾದ್ರಿಯ ಮಳೆಗೂ ಜಲಾಶಯಗಳಿಂದ ಬಿಡುವ ನೀರಿಗೂ ಸಂಬಂಧಿಸಿದುದು. ಆದರೆ ಪೂರದ ನೀರು ಮನೆಯೊಳಗೆ ನುಗ್ಗುವಾಗ ಬರಿಯ ಕೆಸರನ್ನು ತರಬೇಕೋ, ಊರಿನ ಕೊಳಚೆಯನ್ನೂ ಪ್ಲಾಸ್ಟಿಕ್ಕನ್ನೂ ಕೂಡಿ ತರಬೇಕೋ ಎಂಬುದು ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ.

ಪೂರದ ಊರೇ ಬರಗಾಲದಲ್ಲಿ ಅನ್ಯರಿಗೆ ಆಸರೆಯಾದುದೂ ಉಂಟು. 2016ರಲ್ಲಿ ಲಾತೂರ ನಗರವು ಕುಡಿಯುವ ನೀರಿಲ್ಲದೆ ಕಂಗೆಟ್ಟಿತು. ಆಗ ಏಪ್ರಿಲ್ 11ರಂದು ಮಿರಜ ನಿಲ್ದಾಣದಿಂದ ನೀರಿನ ಪ್ರಥಮ ರೈಲುಗಾಡಿಯು ಹೊರಟು ಮರುದಿನ ಲಾತೂರನ್ನು ಮುಟ್ಟಿತು. ಅದರಲ್ಲಿ 10 ಟ್ಯಾಂಕರ್ ಡಬ್ಬಿಗಳಿದ್ದುವು. ಒಂದೊಂದರಲ್ಲಿ ಸುಮಾರು 50 ಸಾವಿರ ಲೀಟರು ಕೃಷ್ಣೆಯ ನೀರಿದ್ದಿತು. ಸುಮಾರು 340 ಕಿಲೋಮೀಟರು ದೂರಕ್ಕೆ ನೀರನ್ನು ರೈಲಿನಲ್ಲಿ ಕಳುಹಿಸಬೇಕಾದಾಗಲೇ ಅದರ ನಿಜವಾದ ಬೆಲೆ ತಿಳಿಯುತ್ತದೆ.

ವಿದ್ಯಾರ್ಥಿಗಳು ಇಲ್ಲೊಂದು ಲೆಕ್ಕವನ್ನು ಮಾಡಿ ನೋಡಬೇಕು. ಸೋರುವ ನಲ್ಲಿಯಿಂದ ಸೆಕೆಂಡಿಗೆ ಒಂದು ಹನಿ ಬೀಳುತ್ತದೆನ್ನೋಣ. ದಿನಕ್ಕೆ 86,400 ಹನಿಗಳಾದುವು. 20 ಹನಿಗಳಿಗೆ 1 ಮಿಲಿಲೀಟರು ಎಂದು ಹಿಡಿದರೆ ದಿನಕ್ಕೆ ನಾಲ್ಕೂಕಾಲು ಲೀಟರಿಗಿಂತ ತುಸು ಹೆಚ್ಚು, ವರ್ಷಕ್ಕೆ ಸುಮಾರು 1,577 ಲೀಟರು ಪೋಲಾಗುತ್ತದೆ. ಅಂತಹ 32 ನಲ್ಲಿಗಳು ವರ್ಷದಲ್ಲಿ ಸೋರಿಸುವ ನೀರು ಲಾತೂರಿಗೆ ಹೋದ ಒಂದು ಡಬ್ಬಿಯನ್ನು ತುಂಬಿಸುವುದು! ನಲ್ಲಿಯೊಳಗಿನ ಚಿಕ್ಕದೊಂದು ವಾಯ್ಸರನ್ನು ಬದಲಿಸಿದರೆ ಇಷ್ಟು ನೀರು ಉಳಿಯುತ್ತದೆ.

ಎರಡನೆಯದು ಕಸದ ವಿಚಾರ. 2016ರಲ್ಲಿ ಕೇಂದ್ರ ಸರಕಾರವು ಹೊರಡಿಸಿದ ನಿಯಮಗಳಲ್ಲಿ ಹಸಿ ಕಸ, ಒಣ ಕಸ, ಮನೆಯ ಅಪಾಯಕಾರಿ ಕಸ ಎಂದು ಮೂರು ಬಗೆಯಾಗಿ ಬೇರ್ಪಡಿಸಲು ಹೇಳಿದ್ದಿತು. ಹಸಿ ಕಸವನ್ನು ಗೊಬ್ಬರವಾಗಿ ಮಾಡುವುದು ಕಷ್ಟವಲ್ಲ. ತೂತುಗಳುಳ್ಳ ಒಂದು ಕುಂಡದ ತಳದಲ್ಲಿ ಒಣಗಿದ ಎಲೆ ಹಾಸಿ, ಮೇಲೆ ಕಾಯಿಪಲ್ಲೆಯ ಸಿಪ್ಪೆ, ಅದರ ಮೇಲೆ ಹಿಡಿ ಮಣ್ಣು, ಹೀಗೆ ಪದರಪದರವಾಗಿ ಹಾಕುತ್ತ ವಾರಕ್ಕೆರಡು ಸಲ ಕಡ್ಡಿಯಿಂದ ತಿರುವಬೇಕು. ಎರಡು ಮೂರು ತಿಂಗಳಲ್ಲಿ ಕಪ್ಪನೆಯ ಗೊಬ್ಬರ ಸಿದ್ಧವಾಗುತ್ತದೆ. ಕಸವನ್ನು ಗೊಬ್ಬರವಾಗಿಸುವ ಸೂಕ್ಷ್ಮಜೀವಿಗಳಿಗೆ ಗಾಳಿ ಬೇಕು. ಗಾಳಿಯಿಲ್ಲದಲ್ಲಿ ಬೇರೆ ಜಾತಿಯ ಜೀವಿಗಳು ಬೆಳೆದು, ದುರ್ನಾತವೂ ಭೂಮಿಯನ್ನು ಕಾಯಿಸುವ ಮೀಥೇನ್ ಅನಿಲವೂ ಹುಟ್ಟುತ್ತವೆ. ಊರ ಹೊರಗಿನ ಕಸದ ಗುಡ್ಡೆಗಳಲ್ಲಿ ಆಗುವುದು ಇದೇ. ಕುಂಡವು ವಾಸನೆ ಬಂದರೆ ತೇವ ಹೆಚ್ಚಾಯಿತೆಂದು ತಿಳಿದು ಒಣ ಎಲೆಯನ್ನು ಬೆರೆಸಬೇಕು.

ಇದೆಲ್ಲ ಹೊಸ ವಿದ್ಯೆಯೆಂದು ಹಿರಿಯರು ಹಿಂಜರಿಯಬೇಕಾಗಿಲ್ಲ. ಮಿತವ್ಯಯದ ಜಾಣ್ಮೆ ನಮ್ಮ ಊರುಗಳಲ್ಲಿ ಮೊದಲಿನಿಂದಲೂ ಇದೆ. ಹರಿಪುರದ ಜನರು ಅರಿಶಿನವನ್ನು ನೆಲದೊಳಗಿನ ಹಗೇವುಗಳಲ್ಲಿ ಯಾವ ಯಂತ್ರದ ನೆರವೂ ಇಲ್ಲದೆ ಕೆಡದಂತೆ ಕಾಪಾಡುತ್ತಿದ್ದರು. 2005ರ ಪೂರದಲ್ಲಿ ಅವುಗಳಲ್ಲಿ ಅನೇಕವು ಹಾಳಾದುವು. ಮಿರಜದ ಕುಶಲಕರ್ಮಿಗಳು ಬಳ್ಳಿಯಲ್ಲಿ ಬೆಳೆದ ಸೋರೆಬುರುಡೆಯನ್ನು ಒಣಗಿಸಿ ತಂಬೂರಿ, ಸಿತಾರಗಳನ್ನು ರೂಪಿಸುತ್ತಾರೆ. 2024ರಲ್ಲಿ ಈ ವಾದ್ಯಗಳಿಗೆ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆತಿದೆ. ಮುರಿದರೆ ಬಿಸಾಡದೆ ರಿಪೇರಿ ಮಾಡಿಸಿ ಮಗನಿಗೆ, ಮೊಮ್ಮಗನಿಗೆ ದಾಟಿಸುವ ವಸ್ತುವದು. ಒಂದು ಸಲ ಬಳಸಿ ಒಗೆಯುವ ಪ್ಲಾಸ್ಟಿಕ್ ಲೋಟದ ಪಕ್ಕಕ್ಕೆ ಆ ತಂಬೂರಿಯನ್ನಿಟ್ಟು ನೋಡಿದರೆ ಸುಸ್ಥಿರ ಜೀವನದ ಅರ್ಥವು ಬಾಲಕರಿಗೂ ಹೊಳೆಯುವುದು.

ಆದರೆ ಸಪ್ತಾಹಗಳ ಮೇಲೆ ಒಂದು ಆಕ್ಷೇಪಣೆಯಿದೆ, ಮತ್ತು ಅದು ನ್ಯಾಯವಾದುದೇ. ಮೆರವಣಿಗೆ, ಭಾಷಣ, ಛಾಯಾಚಿತ್ರಗಳು ಮುಗಿದ ಮೇಲೆ ಎಲ್ಲವೂ ಮೊದಲಿನಂತಾಗುವುದೆಂದು ಜನರು ಆಡಿಕೊಳ್ಳುವರು. ಜುಲೈಯಲ್ಲಿ ನೆಟ್ಟ ಸಸಿಗೆ ಮಳೆಯೇ ನೀರುಣಿಸುತ್ತದೆ. ಅದರ ಪರೀಕ್ಷೆ ಬರುವುದು ಏಪ್ರಿಲ್ ತಿಂಗಳ ಬಿಸಿಲಿನಲ್ಲಿ. ಆದುದರಿಂದ ಎಷ್ಟು ಸಸಿಗಳನ್ನು ನೆಟ್ಟೆವೆಂಬುದಕ್ಕಿಂತ ಮರುವರ್ಷ ಎಷ್ಟು ಬದುಕಿದುವೆಂಬುದನ್ನು ಎಣಿಸಬೇಕು. ಸಪ್ತಾಹದ ಯೋಗ್ಯತೆಯನ್ನು ಅಳೆಯತಕ್ಕದ್ದು ಎಂಟನೆಯ ದಿನದಿಂದ.

ಇದಕ್ಕೆ ಉಪಾಯವೂ ನಾಮಸಪ್ತಾಹದಲ್ಲಿಯೇ ಇದೆ. ವೀಣೆಯಂತೆ ಕೆಲಸವನ್ನೂ ಪಾಳಿಯಿಂದ ಹೊರಬೇಕು. ಪ್ರತಿ ವರ್ಗಕ್ಕೂ ಒಂದೆರಡು ಸಸಿಗಳನ್ನು ಒಪ್ಪಿಸಿ, ರಜೆಯ ದಿನಗಳಲ್ಲಿ ನೀರೆರೆಯುವವರ ಹೆಸರುಗಳನ್ನು ಗೋಡೆಗೆ ಹಚ್ಚಬೇಕು. ಮನೆಯಲ್ಲಿ ನಲ್ಲಿಯನ್ನು ನೋಡುವ ಹೊಣೆ ಒಂದು ಮಗುವಿಗೆ, ಗೊಬ್ಬರದ ಕುಂಡದ ಹೊಣೆ ಇನ್ನೊಂದಕ್ಕೆ ಇರಲಿ. ಸಂತೆಗೆ ಹೊರಡುವಾಗ ಬಟ್ಟೆಯ ಚೀಲವನ್ನು ಮರೆಯದಿರುವುದು ತಂದೆತಾಯಿಗಳ ಪಾಲು. ಮಕ್ಕಳು ಕೇಳಿದ್ದನ್ನಲ್ಲ, ಕಂಡದ್ದನ್ನು ಕಲಿಯುತ್ತಾರೆ.

ಕೃಷ್ಣೆಯು ನಮಗೆ ಮೇಲಿನವರಿಂದ ಬಂದ ಕಾಣಿಕೆ. ಕೆಳಗಿನವರಿಗೆ ನಾವು ಕೊಡಬೇಕಾದ ಋಣ. ಅದನ್ನು ಬಂದಷ್ಟೇ ನಿರ್ಮಲವಾಗಿ ಮುಂದಕ್ಕೆ ದಾಟಿಸುವ ಸಂಕಲ್ಪವನ್ನು ನಮ್ಮ ಬಾಲಕಬಾಲಿಕೆಯರೂ ಪಾಲಕರೂ ಕೂಡಿಯೇ ಮಾಡಲೆಂದು ಹಾರೈಸುತ್ತೇವೆ.