ಒತ್ತಿದರೆ ಓಡುವುದೇ ಸೋಡಿಯಂ?

ಆರ್ಗಾನ್ ತುಂಬಿದ ಗ್ಲೌವ್ ಬಾಕ್ಸ್‌ನೊಳಗೆ ಸೋಡಿಯಂ ಥಯೋಫಾಸ್ಫೇಟ್ ಪುಡಿಯನ್ನು ಉಕ್ಕಿನ ಅಚ್ಚಿಗೆ ಸುರಿದು ಹೈಡ್ರಾಲಿಕ್ ಪ್ರೆಸ್‌ನಲ್ಲಿ ಒತ್ತುತ್ತಾರೆ. ತೇವ ತಾಗಿದರೆ ಕೊಳೆತ ಮೊಟ್ಟೆಯ ವಾಸನೆಯ ವಿಷಾನಿಲ ಹೊರಡುತ್ತದೆ. ಅದಕ್ಕೇ ಇಷ್ಟು ಮಡಿ. ಕೆಲವು ನೂರು ಮೆಗಾಪ್ಯಾಸ್ಕಲ್, ಅಂದರೆ ವಾತಾವರಣದ ಸಾವಿರಾರು ಪಟ್ಟು ಒತ್ತಡ ಬಿದ್ದ ಮೇಲೆ ಗಟ್ಟಿ ಬಿಲ್ಲೆಯೊಂದು ಕೈಗೆ ಬರುತ್ತದೆ. ಸುಡುವ ಗೋಜಿಲ್ಲ. 2012ರಲ್ಲಿ ಜಪಾನಿನ ಒಸಾಕಾದಲ್ಲಿ ಅಕಿತೋಶಿ ಹಯಾಶಿ ಅವರ ತಂಡ ಸೋಡಿಯಂ ಅಯಾನುಗಳಿಗೆ ದಾರಿ ಕೊಡುವ ಇದೇ ವಸ್ತುವನ್ನು ಬಳಸಿ, ಕೋಣೆಯ ತಾಪಮಾನದಲ್ಲಿ ನಡೆಯುವ ಘನ ಸೋಡಿಯಂ ಬ್ಯಾಟರಿಯನ್ನು ತೋರಿಸಿತು. 1976ರಲ್ಲಿ ಗುಡ್‌ಇನಫ್ ಮತ್ತು ಹಾಂಗ್ ಪರಿಚಯಿಸಿದ ನಾಸಿಕಾನ್ ಎಂಬ ಆಕ್ಸೈಡ್ ಕೂಡ ಸೋಡಿಯಂ ಅಯಾನು ಹಾಯಿಸುತ್ತದೆ, ಆದರೆ ಅದು ಹೀಗೆ ಒತ್ತಿದರೆ ಸಾಲುವಂಥದ್ದಲ್ಲ. ಅದರ ಕಣಗಳು ಬೆಸೆಯಲು 1,200 ಡಿಗ್ರಿಯ ಆಸುಪಾಸಿನ ಕುಲುಮೆಯೇ ಬೇಕು.

ಹಾಗಾದರೆ ಒತ್ತಿದಷ್ಟೂ ಲಾಭವೇ? ಅಲ್ಲ. ಮೊದಲ ಒತ್ತಡ ಕಣಗಳ ನಡುವಿನ ಟೊಳ್ಳು ಮುಚ್ಚಿ ಅಯಾನುಗಳಿಗೆ ದಾರಿ ಜೋಡಿಸುತ್ತದೆ. ಟೊಳ್ಳು ಮುಗಿದ ಮೇಲೆ ಬೀಳುವ ಒತ್ತಡ ಸ್ಫಟಿಕವನ್ನೇ ಹಿಂಡುತ್ತದೆ. ಅಯಾನು ಒಂದು ನೆಲೆಯಿಂದ ಇನ್ನೊಂದಕ್ಕೆ ಜಿಗಿಯುವಾಗ ಸುತ್ತಲಿನ ಪರಮಾಣುಗಳು ತುಸು ಸರಿದು ಜಾಗ ಬಿಡಬೇಕು. ಆ ಹೆಚ್ಚುವರಿ ಜಾಗ ಒಂದು ಮೋಲ್‌ಗೆ 1 ಘನ ಸೆಂಟಿಮೀಟರ್ ಎಂದಿಟ್ಟುಕೊಂಡು ಲೆಕ್ಕ ಹಾಕಿ: 100 ಮೆಗಾಪ್ಯಾಸ್ಕಲ್‌ಗೆ ವಾಹಕತೆ ಇಳಿಯುವುದು ಶೇ 4ರಷ್ಟು ಮಾತ್ರ. ಅದರ ಹತ್ತು ಪಟ್ಟು ಒತ್ತಿದರೆ ಮೂರನೇ ಒಂದು ಭಾಗವೇ ಹೋಗುತ್ತದೆ. ಬ್ಯಾಟರಿ ಮಾಡುವವರು ನಿಜಕ್ಕೂ ತಲೆಕೆಡಿಸಿಕೊಳ್ಳಬೇಕಾದದ್ದು ಟೊಳ್ಳಿನ ಬಗ್ಗೆ ಎಂದು ನನಗನ್ನಿಸುವುದು ಈ ಲೆಕ್ಕದಿಂದಲೇ.

ಸ್ಫಟಿಕ ಹಿಂಡಿದರೆ ವಾಹಕತೆ ಇಳಿಯುತ್ತದೆ ಎಂಬ ನಿಯಮಕ್ಕೂ ಅಪವಾದವುಂಟು, ಅದೇ ಸ್ವಾರಸ್ಯ. 1967ರಲ್ಲಿ ಫೋರ್ಡ್ ಕಂಪನಿಯ ಯಾವೋ ಮತ್ತು ಕಮ್ಮರ್ ಬೀಟಾ ಅಲ್ಯುಮಿನಾದಲ್ಲಿ ಸೋಡಿಯಂ ಸರಾಗವಾಗಿ ಹರಿಯುವುದನ್ನು ತೋರಿಸಿದ್ದರು. ಮುಂದೆ ಅದರೊಳಗೆ ಬೇರೆ ಬೇರೆ ಅಯಾನುಗಳನ್ನಿಟ್ಟು ಒತ್ತಡಕ್ಕೆ ಒಡ್ಡಿದಾಗ ಪೊಟ್ಯಾಸಿಯಂನ ಓಟ ಕುಗ್ಗಿತು, ಸೋಡಿಯಂ ಹೆಚ್ಚೇನೂ ಅಲುಗಲಿಲ್ಲ, ಲಿಥಿಯಂ ಮಾತ್ರ ಚುರುಕಾಯಿತು! ಬೀಟಾ ಅಲ್ಯುಮಿನಾದಲ್ಲಿ ಅಯಾನುಗಳು ಓಡುವುದು ಪದರಗಳಲ್ಲಿ. ಸೋಡಿಯಂಗೆ ಹೇಳಿಮಾಡಿಸಿದ ಆ ಪದರದಲ್ಲಿ ಪುಟ್ಟ ಲಿಥಿಯಂ ಒಂದು ಗೋಡೆಗೆ ಅಂಟಿಕೊಂಡಿರುತ್ತದೆ. ಒತ್ತಿದಾಗ ಎದುರಿನ ಗೋಡೆ ಹತ್ತಿರವಾಗಿ ಅಂಟು ಸಡಿಲಾಗುತ್ತದೆ.

ತಯಾರಾದ ಸೆಲ್‌ನದ್ದು ಬೇರೆಯೇ ಕತೆ. ಅದರಲ್ಲಿ ಬಿಲ್ಲೆಗೆ ತಾಗಿ ಕೂರುವ ಸೋಡಿಯಂ ಲೋಹವನ್ನು ಬೆಣ್ಣೆಯಂತೆ ಚಾಕುವಿನಿಂದ ಕೊಯ್ಯಬಹುದು. ಬ್ಯಾಟರಿ ಖಾಲಿಯಾಗುವಾಗ ಲೋಹದಿಂದ ಅಯಾನುಗಳು ಹೊರಟುಹೋಗಿ, ಅದು ಬಿಲ್ಲೆಗೆ ತಾಗುವಲ್ಲಿ ಗುಳಿಗಳು ಬೀಳುತ್ತವೆ. ಹೊರಗಿನಿಂದ ಕೆಲವು ಮೆಗಾಪ್ಯಾಸ್ಕಲ್ ಒತ್ತಿ ಹಿಡಿದರೆ ಮೆತ್ತನೆಯ ಲೋಹವೇ ಸರಿದು ಬಂದು ಅವನ್ನು ತುಂಬುತ್ತದೆ. ಕೈ ಮೀರಿ ಒತ್ತಿದರೆ ಅದೇ ಲೋಹ ಬಿಲ್ಲೆಯ ಬಿರುಕಿಗೆ ನುಗ್ಗಿ ಶಾರ್ಟ್ ಆಗುತ್ತದೆ. ಪ್ರಯೋಗಾಲಯದಲ್ಲಿ ಇದಕ್ಕೆ ಬೋಲ್ಟು ಬಿಗಿದರಾಯಿತು. ಕಾರಿನ ಬ್ಯಾಟರಿ ಪ್ಯಾಕಿಗೆ ಅಷ್ಟೇ ಬಿಗಿ ಬೇಕೆಂದರೆ ದಪ್ಪ ಉಕ್ಕಿನ ಫಲಕಗಳನ್ನು ಹೊರಿಸಬೇಕು, ಆ ತೂಕವನ್ನು ಎಳೆಯುವುದೂ ಅದೇ ಬ್ಯಾಟರಿ.