ಕೊಲೋನ್ ನಗರದ ಒಂದು ಕಚೇರಿ

ಒಳ್ಳೆಯ ಸಂಗೀತಕ್ಕೆ ಒಳ್ಳೆಯ ವಾದ್ಯ ಬೇಕೆಂಬುದು ಎಲ್ಲರೂ ಒಪ್ಪುವ ಮಾತು. ಆದರೆ ವಾದ್ಯದ ಕೊರತೆಯೇ ಸಂಗೀತದ ರೂಪವನ್ನು ನಿರ್ಣಯಿಸುವುದೂ ಉಂಟು. ಅಮೆರಿಕದ ಜಾಝ್ ಪಿಯಾನೋ ವಾದಕ ಕೀತ್ ಜ್ಯಾರೆಟ್ ಅವರ ‘ದಿ ಕೊಲ್ನ್ ಕಾನ್ಸರ್ಟ್’ ಎಂಬ ಧ್ವನಿಮುದ್ರಿಕೆ ಇದಕ್ಕೆ ನಿದರ್ಶನ.

ಜರ್ಮನಿಯ ಕೊಲೋನ್ ನಗರಕ್ಕೆ ಅಲ್ಲಿನವರ ಮಾತಿನಲ್ಲಿ ಕೊಲ್ನ್ ಎಂದು ಹೆಸರು. 1975ರ ಜನವರಿ 24ರಂದು, ಅಲ್ಲಿನ ಆಪೆರಾ ಮಂದಿರದಲ್ಲಿ ಅಂದಿನ ಗೀತನಾಟಕ ಮುಗಿದ ಬಳಿಕ, ರಾತ್ರಿ ಹನ್ನೊಂದೂವರೆಗೆ ಈ ಕಚೇರಿ ಗೊತ್ತಾಗಿತ್ತು. ಅದನ್ನು ಏರ್ಪಡಿಸಿದವರು ವೆರಾ ಬ್ರಾಂಡೆಸ್ ಎಂಬ 18 ವರ್ಷದ ತರುಣಿ. ಜ್ಯಾರೆಟ್ ಕೇಳಿದ್ದು ಬೋಸೆಂಡೋರ್ಫರ್ ಸಂಸ್ಥೆಯ 97 ಮನೆಗಳ ಭವ್ಯ ಪಿಯಾನೋ. ವೇದಿಕೆಯ ಮೇಲೆ ಬಂದು ನಿಂತದ್ದು ಅಭ್ಯಾಸಕ್ಕೆಂದು ಇರಿಸಿದ್ದ ಸಣ್ಣ ಪಿಯಾನೋ. ಅದರ ತಾರಸ್ಥಾಯಿ ಕರ್ಕಶ, ಮಂದ್ರ ಸೊರಗಿದ್ದು, ಪೆಡಲುಗಳೂ ಸರಿಯಿಲ್ಲ. ವಾದಕರಾದರೋ ನಿದ್ರೆಗೆಟ್ಟು, ಬೆನ್ನುನೋವಿನಿಂದ ಬಳಲಿದ್ದರು. ನುಡಿಸಲಾರೆನೆಂದು ಹೊರಟವರನ್ನು ಆ ತರುಣಿ ಒಡಂಬಡಿಸಿದರು. ಶ್ರುತಿ ಕೂಡಿಸುವವರು ಗಂಟೆಗಟ್ಟಲೆ ಶ್ರಮಿಸಿ ವಾದ್ಯವನ್ನು ಒಂದು ಹದಕ್ಕೆ ತಂದರು.

ಸಾಮಾನ್ಯವಾಗಿ ಜಾಝ್ ವಾದಕನು ಪರಿಚಿತವಾದ ಹಾಡೊಂದನ್ನು ಆಧರಿಸಿ ಕಲ್ಪನೆಯನ್ನು ಹರಿಯಬಿಡುತ್ತಾನೆ. ನಮ್ಮ ಮನೋಧರ್ಮ ಸಂಗೀತಕ್ಕೂ ರಾಗತಾಳಗಳ ಆಸರೆಯಿದೆ. ಇಲ್ಲಿ ಬಹುಮಟ್ಟಿಗೆ ಅಂಥ ಆಸರೆ ಇಲ್ಲ. ನುಡಿಸಿದ್ದರಲ್ಲಿ ಬಹುಪಾಲು ಆ ಗಳಿಗೆಯ ಸೃಷ್ಟಿ. ಪ್ರೇಕ್ಷಕರನ್ನು ಆಸನಗಳಿಗೆ ಕರೆಯುವ ಆ ಮಂದಿರದ ಗಂಟೆಯ ಸ್ವರಗಳನ್ನೇ ಎತ್ತಿಕೊಂಡು ಜ್ಯಾರೆಟ್ ಆರಂಭಿಸಿದರು. ಗುರುತು ಹಿಡಿದ ಕೆಲವರು ನಕ್ಕದ್ದು ಮುದ್ರಿಕೆಯಲ್ಲಿ ಕೇಳಿಬರುತ್ತದೆ.

ಮುಂದಿನದನ್ನು ಕಿವಿಗೊಟ್ಟು ಕೇಳಬೇಕು. ಬಲಗೈ ಬಹುಮಟ್ಟಿಗೆ ಮಧ್ಯಸ್ಥಾಯಿಯಲ್ಲೇ ಸಂಚರಿಸುತ್ತದೆ. ಸೊರಗಿದ ಮಂದ್ರಕ್ಕೆ ಬಲ ತುಂಬಲೆಂಬಂತೆ ಎಡಗೈ ಒಂದೇ ನಡೆಯನ್ನು ಮರಳಿ ಮರಳಿ ಒತ್ತಿ ನುಡಿಸುತ್ತದೆ. ಎರಡೇ ಸ್ವರಮೇಳಗಳ ಮೇಲೆ ನಿಮಿಷಗಟ್ಟಲೆ ನಿಲ್ಲುತ್ತದೆ. ಆ ಸ್ಥಿರವಾದ ನಡೆಯ ಮೇಲೆ ಬಲಗೈಯ ರಾಗಮಾಧುರ್ಯ ಅರಳುತ್ತದೆ. ನಡುನಡುವೆ ವಾದಕರ ನರಳಿಕೆ, ಕಾಲಿನ ತಟ್ಟು. ವಾದ್ಯ ಉತ್ತಮವಾಗಿರದಿದ್ದುದರಿಂದಲೇ ವಾದನ ಈ ಬಗೆಯಲ್ಲಿ ಮೂಡಿತೇನೋ ಎಂದು ಮುದ್ರಿಕೆಯ ನಿರ್ಮಾಪಕ ಮಾನ್‌ಫ್ರೆಡ್ ಐಖರ್ ಅವರೇ ಅಭಿಪ್ರಾಯಪಟ್ಟಿದ್ದಾರೆ.

ಅದೇ ವರ್ಷ ಜೋಡಿ ತಟ್ಟೆಗಳಾಗಿ ಹೊರಬಂದ ಈ ಕಚೇರಿ 30 ಲಕ್ಷಕ್ಕೂ ಮೀರಿ ಮಾರಾಟವಾಯಿತು. ಸ್ವರಲಿಪಿಯಲ್ಲಿ ಅಚ್ಚಿಸಲು ಜ್ಯಾರೆಟ್ ಬಹುಕಾಲ ಒಪ್ಪಲಿಲ್ಲ. 1991ರಲ್ಲಿ ಅದು ಪ್ರಕಟವಾದಾಗಲೂ, ಕೊನೆಯ ಪ್ರಮಾಣ ಕಾಗದವಲ್ಲ, ಧ್ವನಿಮುದ್ರಿಕೆಯೇ ಎಂದು ತಿಳಿಸಿದರು. ಒಮ್ಮೆ ಹುಟ್ಟಿ ಅಲ್ಲಿಯೇ ಲಯವಾಗಬೇಕಾದದ್ದನ್ನು ಇನ್ನೊಬ್ಬರು ಓದಿ ನುಡಿಸುವುದೆಂತು?

2018ರಲ್ಲಿ ಜ್ಯಾರೆಟ್ ಅವರಿಗೆ ಎರಡು ಬಾರಿ ಪಾರ್ಶ್ವವಾಯು ಬಡಿಯಿತು. ಎಡಗೈಯಲ್ಲಿ ಮತ್ತೆ ನುಡಿಸುವ ಭರವಸೆಯಿಲ್ಲವೆಂಬುದು 2020ರಲ್ಲಿ ಲೋಕಕ್ಕೆ ತಿಳಿಯಿತು. ವಾದ್ಯದ ಕೊರತೆಯನ್ನು ಅಂದು ತುಂಬಿಕೊಟ್ಟದ್ದು ಆ ಎಡಗೈಯೇ. ಅದನ್ನು ನೆನೆದು ಈ ಮುದ್ರಿಕೆಯನ್ನು ಮತ್ತೊಮ್ಮೆ ಕೇಳಿದರೆ, ಮಂದ್ರದ ಆ ಒತ್ತಿನ ಬೆಲೆ ಬೇರೆಯಾಗಿಯೇ ತಿಳಿಯುತ್ತದೆ.