ವಾಹನದ ಮುಂಗಾಜಿನ ಗೆರೆಗಳು ಮತ್ತು ಗೀರುಗಳು

ವಾಹನದ ಮುಂಗಾಜಿನ ಮೇಲೆ ಕಾಣಿಸಿಕೊಳ್ಳುವ ಮಬ್ಬು ಗೆರೆಗಳು ಮತ್ತು ಸೂಕ್ಷ್ಮ ಗೀರುಗಳು ಚಾಲಕನ ನೋಟವನ್ನು ಕುಂದಿಸುವ ಎರಡು ಬೇರೆ ಬೇರೆ ದೋಷಗಳಾಗಿವೆ. ಗೆರೆ ಎಂಬುದು ಗಾಜಿನ ಮೇಲೆ ಅಂಟಿಕೊಂಡ ಜಿಡ್ಡು, ಲವಣ ಅಥವಾ ಧೂಳಿನ ತೆಳುಪೊರೆ. ಅದನ್ನು ತೊಳೆದು ತೆಗೆಯಬಹುದು. ಗೀರು ಎಂಬುದು ಗಾಜಿನ ಕಣಗಳು ಕಿತ್ತುಹೋಗಿ ಉಂಟಾದ ತಗ್ಗು. ಸುತ್ತಲಿನ ಗಾಜನ್ನೂ ಆ ತಗ್ಗಿನ ಮಟ್ಟಕ್ಕೆ ಸವೆಸಿದರೆ ಮಾತ್ರ ಅದು ಮರೆಯಾಗುತ್ತದೆ. ಹೀಗೆ ಸವೆಸುವುದರಿಂದ ಗಾಜಿನ ಸಮತಲ ಕೆಡುವ ಸಂಭವವಿರುವ ಕಾರಣ, ದುರಸ್ತಿಗೆ ತೊಡಗುವ ಮುನ್ನ ದೋಷವು ಗೆರೆಯೋ ಗೀರೋ ಎಂಬುದನ್ನು ನಿರ್ಧರಿಸುವುದು ಮುಖ್ಯವಾಗಿದೆ. ಗೀರೆಂದು ತಿಳಿದು ಉಜ್ಜಲು ಹೊರಟ ಎಷ್ಟೋ ಗುರುತುಗಳು ವಾಸ್ತವದಲ್ಲಿ ಗಟ್ಟಿಯಾಗಿ ಅಂಟಿದ ಜಿಡ್ಡಿನ ಪೊರೆಗಳಾಗಿರುತ್ತವೆ.

ಮುಂಗಾಜಿನ ರಚನೆ

ಅಮೆರಿಕದ ಇಂಗ್ಲಿಷಿನಲ್ಲಿ ವಿಂಡ್‌ಶೀಲ್ಡ್ ಎಂದೂ ಭಾರತದ ಮೋಟಾರು ವಾಹನ ನಿಯಮಗಳಲ್ಲಿ ವಿಂಡ್‌ಸ್ಕ್ರೀನ್ ಎಂದೂ ಕರೆಯಲಾಗುವ ಮುಂಗಾಜು ಒಂದೇ ಹಾಳೆಯ ಗಾಜಲ್ಲ. ಸುಮಾರು 2 ಮಿಲಿಮೀಟರ್ ದಪ್ಪದ ಎರಡು ಗಾಜಿನ ಹಾಳೆಗಳ ನಡುವೆ ಪಾಲಿವಿನೈಲ್ ಬ್ಯುಟಿರಾಲ್ ಎಂಬ ಪಾರದರ್ಶಕ ಪ್ಲಾಸ್ಟಿಕ್ಕಿನ ಪದರವನ್ನಿಟ್ಟು, ಶಾಖ ಮತ್ತು ಒತ್ತಡದಿಂದ ಬೆಸೆದು ಇದನ್ನು ತಯಾರಿಸಲಾಗುತ್ತದೆ. ನಡುವಿನ ಪದರದ ದಪ್ಪ ಸಾಮಾನ್ಯವಾಗಿ 0.76 ಮಿಲಿಮೀಟರ್. ಗಾಜು ಒಡೆದರೂ ಚೂರುಗಳು ಈ ಪದರಕ್ಕೆ ಅಂಟಿಕೊಂಡೇ ಉಳಿಯುತ್ತವೆ. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಎಡ್ವಾರ್ ಬೆನೆಡಿಕ್ಟಸ್ 1909ರಲ್ಲಿ ಇಂಥ ಪದರಗಾಜಿಗೆ ಪೇಟೆಂಟ್ ಪಡೆದನು. ಒಳಗೆ ಸೆಲ್ಯುಲೋಸ್ ನೈಟ್ರೇಟ್ ಒಣಗಿ ಅಂಟಿಕೊಂಡಿದ್ದ ಗಾಜಿನ ಪಾತ್ರೆಯೊಂದು ನೆಲಕ್ಕೆ ಬಿದ್ದರೂ ಚೂರುಚೂರಾಗಿ ಚದುರದಿದ್ದುದು ಅವನಿಗೆ ಈ ಹೊಳಹನ್ನು ನೀಡಿತೆಂದು ಹೇಳಲಾಗುತ್ತದೆ. ಪಕ್ಕದ ಬಾಗಿಲುಗಳ ಗಾಜು ಸಾಮಾನ್ಯವಾಗಿ ಕಾಯಿಸಿ ಥಟ್ಟನೆ ತಣಿಸಿ ಹದಗೊಳಿಸಿದ ಬೇರೊಂದು ಬಗೆಯದು.

ಗೀರಿನ ದೃಷ್ಟಿಯಿಂದ ಇಲ್ಲಿ ಗಮನಿಸಬೇಕಾದುದು ಹೊರಹಾಳೆಯ ಗಡಸುತನ. ಮೋಸ್ ಮಾಪಕದಲ್ಲಿ ಸಾಮಾನ್ಯ ಗಾಜಿನ ಗಡಸುತನ ಸುಮಾರು 5.5, ಬೆಣಚುಕಲ್ಲಿನದು 7. ರಸ್ತೆಯ ಧೂಳು ಮತ್ತು ಮರಳಿನಲ್ಲಿ ಬೆಣಚಿನ ಕಣಗಳು ಹೇರಳವಾಗಿರುತ್ತವೆ. ವೈಪರಿನ ರಬ್ಬರು ತಾನಾಗಿ ಗಾಜನ್ನು ಗೀರಲಾರದು. ಅದರ ಅಂಚಿನಡಿ ಸಿಕ್ಕಿಕೊಂಡ ಮರಳಿನ ಕಣವು ಗೀರುತ್ತದೆ.

ರಾತ್ರಿಯ ನೋಟ

ಹಗಲಿನಲ್ಲಿ ಗಮನಕ್ಕೇ ಬಾರದ ಗೆರೆಗಳು ರಾತ್ರಿ ಎದುರಿನ ವಾಹನದ ದೀಪ ಬಿದ್ದೊಡನೆ ಪ್ರಕಟವಾಗುವುದಕ್ಕೆ ಬೆಳಕಿನ ಚದುರುವಿಕೆ ಕಾರಣ. ಸ್ವಚ್ಛವಾದ ಗಾಜು ಬೆಳಕನ್ನು ನೇರವಾಗಿ ಒಳಬಿಡುತ್ತದೆ. ಜಿಡ್ಡಿನ ಹನಿಗಳು ಮತ್ತು ಗೀರಿನ ಅಂಚುಗಳು ಅದರಲ್ಲಿ ಒಂದು ಪಾಲನ್ನು ಅಡ್ಡಾದಿಡ್ಡಿಯಾಗಿ ಚದುರಿಸುತ್ತವೆ. ಚದುರಿದ ಬೆಳಕು ಇಡೀ ನೋಟದ ಮೇಲೆ ತೆಳುವಾದ ಬಿಳಿಯ ಪರದೆಯಂತೆ ಹರಡಿಕೊಂಡು, ಕತ್ತಲಲ್ಲಿರುವ ವಸ್ತುಗಳಿಗೂ ಅವುಗಳ ಹಿನ್ನೆಲೆಗೂ ಇರುವ ವ್ಯತ್ಯಾಸವನ್ನು ಅಳಿಸುತ್ತದೆ. ಎದುರಿನ ವಾಹನದ ದೀಪ ಹೇಗಿದ್ದರೂ ಕಾಣುತ್ತದೆ. ಅದರ ಪಕ್ಕದಲ್ಲಿ ದೀಪವಿಲ್ಲದೆ ಸಾಗುತ್ತಿರುವ ಸೈಕಲ್ ಸವಾರ, ಎತ್ತಿನ ಗಾಡಿ ಅಥವಾ ರಸ್ತೆ ದಾಟುತ್ತಿರುವ ಪಾದಚಾರಿ ಮಾತ್ರ ಕಾಣದೆ ಹೋಗಬಹುದು. ಮುಂಗಾಜಿನ ಮಬ್ಬು ಕೇವಲ ಅಂದಗೇಡಿನ ವಿಷಯವಾಗಿ ಉಳಿಯದಿರುವುದು ಈ ಕಾರಣದಿಂದ. ಬೆಳಗಿನ ಮತ್ತು ಸಂಜೆಯ ಓರೆಬಿಸಿಲಿನಲ್ಲಿಯೂ ಇದೇ ಪರಿಣಾಮ ಉಂಟಾಗುತ್ತದೆ.

ಒಂದೇ ದಿಕ್ಕಿನಲ್ಲಿ ಸಾಗುವ ಸೂಕ್ಷ್ಮ ಗೆರೆಗಳ ಸಮೂಹವು ಬೆಳಕನ್ನು ಆ ಗೆರೆಗಳಿಗೆ ಲಂಬವಾದ ದಿಕ್ಕಿನಲ್ಲಿ ಚದುರಿಸುತ್ತದೆ. ವೈಪರು ಉಳಿಸುವ ಗುರುತುಗಳು ಕಮಾನಿನ ಆಕಾರದವು. ಆದ್ದರಿಂದ ಎದುರಿನ ದೀಪದಿಂದ ಉದ್ದನೆಯ ಬೆಳಕಿನ ಎಳೆಯೊಂದು ವೈಪರಿನ ಬುಡದತ್ತ ಚಾಚಿದಂತೆ ಕಾಣುತ್ತದೆ. ಇಂಥ ಎಳೆ ಕಂಡುಬಂದರೆ ದೋಷಕ್ಕೂ ವೈಪರಿಗೂ ಸಂಬಂಧವಿದೆಯೆಂದು ತಿಳಿಯಬಹುದು. ಆದರೆ ವೈಪರು ಬಳಿದ ಜಿಡ್ಡೂ ವೈಪರು ಮೂಡಿಸಿದ ಗೀರೂ ಒಂದೇ ತೆರನಾದ ಎಳೆಯನ್ನು ತೋರಿಸುತ್ತವೆ.

ಗೆರೆ ಮತ್ತು ಗೀರನ್ನು ಗುರುತಿಸುವುದು

ಗಾಜನ್ನು ನೀರು ಮತ್ತು ಶಾಂಪೂವಿನಿಂದ ತೊಳೆದು ಒಣಗಿಸಿದ ಬಳಿಕ, ಅಂಗೈಯಗಲದ ಜಾಗವೊಂದನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಸ್ವಚ್ಛ ಬಟ್ಟೆಯಿಂದ ಒರೆಸಿ, ಕತ್ತಲಲ್ಲಿ ಟಾರ್ಚಿನ ಬೆಳಕನ್ನು ಓರೆಯಾಗಿ ಹಾಯಿಸಿ ನೋಡುವುದು ಸರಳವಾದ ಪರೀಕ್ಷೆ. ಒರೆಸಿದ ಜಾಗದಲ್ಲಿ ಗುರುತು ಮಾಯವಾಗಿದ್ದರೆ ಅಥವಾ ಅದರ ಆಕಾರ ಬದಲಾಗಿದ್ದರೆ ಅದು ಪೊರೆ. ಇದ್ದಲ್ಲೇ ಇದ್ದಂತೆಯೇ ಉಳಿದಿದ್ದರೆ ಗೀರು ಇರಬಹುದು. ಆಗ ಬೆರಳಿನ ಉಗುರನ್ನು ಗುರುತಿಗೆ ಅಡ್ಡವಾಗಿ ಎಳೆಯಲಾಗುತ್ತದೆ. ಉಗುರು ತಡೆದರೆ ಗೀರು ಆಳವಾದುದು, ತಡೆಯದೆ ಜಾರಿದರೆ ಮೇಲ್ಮಟ್ಟದ್ದು. ಒದ್ದೆ ಗಾಜಿನ ಮೇಲೆ ಈ ಪರೀಕ್ಷೆಗಳನ್ನು ಮಾಡಬಾರದು. ನೀರು ಗೀರಿನೊಳಗೆ ತುಂಬಿಕೊಂಡು ಬೆಳಕಿನ ಚದುರುವಿಕೆಯನ್ನು ತಗ್ಗಿಸುವುದರಿಂದ ಗೀರು ಕಾಣದಂತಾಗಿ, ಒಣಗಿದ ಮೇಲೆ ಮರಳುತ್ತದೆ.

ಗೆರೆ ಗಾಜಿನ ಹೊರಗಿದೆಯೋ ಒಳಗಿದೆಯೋ ಎಂಬ ಗೊಂದಲವೂ ಸಾಮಾನ್ಯ. ಹೊರಮೈಯನ್ನು ಮೇಲಿನಿಂದ ಕೆಳಕ್ಕೂ ಒಳಮೈಯನ್ನು ಎಡದಿಂದ ಬಲಕ್ಕೂ ಒರೆಸುವ ರೂಢಿಯಿಟ್ಟುಕೊಂಡರೆ, ಉಳಿದ ಗೆರೆಯ ದಿಕ್ಕೇ ಅದು ಯಾವ ಮೈಯಲ್ಲಿದೆ ಎಂಬುದನ್ನು ತಿಳಿಸುತ್ತದೆ.

ಗೆರೆಗಳ ಮೂಲ

ಹೊರಮೈಯ ಗೆರೆಗಳಲ್ಲಿ ಅತಿ ಹಠಮಾರಿಯಾದುದು ಎಣ್ಣೆಯ ಪೊರೆ. ಮುಂದಿನ ವಾಹನಗಳ ಹೊಗೆ, ರಸ್ತೆಯ ಮೇಲಿನ ಎಣ್ಣೆಯನ್ನು ಹೊತ್ತು ಸಿಡಿಯುವ ನೀರು ಮತ್ತು ವಾಹನದ ಮೈಗೆ ಹಚ್ಚಿದ ಮೇಣದ ಪಾಲಿಷ್ ಇದರ ಮೂಲಗಳು. ಜಪಾನಿನಲ್ಲಿ ಇದನ್ನು ಯುಮಾಕು, ಅಂದರೆ ಎಣ್ಣೆಪೊರೆ ಎಂದೇ ಕರೆಯಲಾಗುತ್ತಿದ್ದು, ಅದನ್ನು ತೆಗೆಯಲೆಂದೇ ತಯಾರಿಸಿದ ಲೇಪಗಳು ಅಲ್ಲಿನ ಅಂಗಡಿಗಳಲ್ಲಿ ದೊರೆಯುತ್ತವೆ. ಮಳೆ ಸಣ್ಣಗೆ ಹನಿಯುವಾಗ ಈ ಪೊರೆಯ ಮೇಲೆ ವೈಪರು ಓಡಿದರೆ ನೀರು ಸಮವಾಗಿ ಹರಡದೆ ಹಾಲಿನಂಥ ಮಬ್ಬು ಉಂಟಾಗುತ್ತದೆ. ಜೋರು ಮಳೆಯಲ್ಲಿ ಅದು ಅಷ್ಟಾಗಿ ತೋರುವುದಿಲ್ಲ.

ಒಣಗಿದ ನೀರಿನ ಕಲೆಗಳು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳಿಂದ ಕೂಡಿರುತ್ತವೆ. ಬೆಂಗಳೂರು, ಕೋಲಾರ, ಚಿಕ್ಕಬಳ್ಳಾಪುರ ಮೊದಲಾದೆಡೆಗಳಲ್ಲಿ ಕೊಳವೆಬಾವಿಯ ಗಡಸು ನೀರಿನಿಂದ ವಾಹನ ತೊಳೆದು ಬಿಸಿಲಿನಲ್ಲೇ ಒಣಗಲು ಬಿಟ್ಟಾಗ ಹನಿಹನಿಯಾದ ಬಿಳಿಯ ಕಲೆಗಳು ಉಳಿಯುವುದು ಇದಕ್ಕೆ ಉದಾಹರಣೆ. ಕರಾವಳಿಯಲ್ಲಿ ಕಡಲಗಾಳಿ ತರುವ ಉಪ್ಪು ಗಾಜಿನ ಮೇಲೆ ಕೂರುತ್ತದೆ. ಹೂ ಬಿಡುವ ಕಾಲದಲ್ಲಿ ಮಾವಿನ ಮರದಡಿ ನಿಲ್ಲಿಸಿದ ವಾಹನದ ಗಾಜಿನ ಮೇಲೆ ಬೀಳುವ ಅಂಟು ಮರದ ಗೋಂದೆಂದು ಭಾವಿಸಲಾಗುವುದುಂಟು. ಅದು ಬಹುಮಟ್ಟಿಗೆ ಮರದ ರಸ ಹೀರುವ ಜಿಗಿಹುಳುಗಳು ಸ್ರವಿಸುವ ಸಿಹಿದ್ರವ. ಸಕ್ಕರೆಯಂಶವಿರುವುದರಿಂದ ಬೆಚ್ಚನೆಯ ನೀರಿಗೆ ಅದು ಕರಗುತ್ತದೆ.

ಒಳಮೈಯ ಮಬ್ಬಿಗೆ ಕಾರಣ ಬೇರೆ. ಬಿಸಿಲಿನಲ್ಲಿ ಕಾದ ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ಕಿನಿಂದ ಅದನ್ನು ಮೃದುಗೊಳಿಸಲು ಬೆರೆಸಿದ ರಾಸಾಯನಿಕಗಳು ಆವಿಯಾಗಿ ಹೊರಬಂದು, ತಂಪಾದ ಗಾಜಿನ ಮೇಲೆ ಜಿಡ್ಡಾಗಿ ನೆಲೆಸುತ್ತವೆ. ಹೊಸ ವಾಹನಗಳಲ್ಲಿ ಇದು ಹೆಚ್ಚು. ಧೂಮಪಾನ, ಅಗರಬತ್ತಿಯ ಹೊಗೆ ಮತ್ತು ಡ್ಯಾಶ್‌ಬೋರ್ಡಿಗೆ ಹಚ್ಚುವ ಹೊಳಪಿನ ದ್ರವಗಳು ಇದಕ್ಕೆ ಸೇರುತ್ತವೆ.

ವೈಪರಿನ ಪಾತ್ರ

ಗಾಜನ್ನು ಒರೆಸುವ ಸಾಧನಕ್ಕೆ ಅಮೆರಿಕದ ಮೇರಿ ಆಂಡರ್ಸನ್ 1903ರಲ್ಲಿ ಪೇಟೆಂಟ್ ಪಡೆದಳು. ಚಾಲಕನು ಒಳಗಿನಿಂದ ಹಿಡಿಕೆಯನ್ನು ತಿರುಗಿಸಿದರೆ ಹೊರಗಿನ ರಬ್ಬರು ಪಟ್ಟಿ ಗಾಜನ್ನು ಸವರುವಂತೆ ಅದನ್ನು ರೂಪಿಸಲಾಗಿತ್ತು. ರಬ್ಬರಿನ ಅಂಚು ಗಾಜಿನ ನೀರನ್ನು ಒಂದು ಪಕ್ಕಕ್ಕೆ ತಳ್ಳುವ ತತ್ತ್ವ ಇಂದಿಗೂ ಬದಲಾಗಿಲ್ಲ. ವೈಪರು ಒಂದು ದಿಕ್ಕಿನಿಂದ ಮರಳುವಾಗಲೆಲ್ಲ ಈ ಅಂಚು ಮಗ್ಗುಲು ಬದಲಿಸಬೇಕು. ಬಿಸಿಲು ಮತ್ತು ಓಜೋನ್ ಅನಿಲದಿಂದ ರಬ್ಬರು ಗಡುಸಾದರೆ ಅಂಚು ಮಗ್ಗುಲು ಬದಲಿಸದೆ ಒಂದೇ ಕಡೆಗೆ ಬಾಗಿ ನಿಲ್ಲುತ್ತದೆ. ಆಗ ವೈಪರು ಕಟಕಟನೆ ಕುಪ್ಪಳಿಸುತ್ತ ಪಟ್ಟೆಪಟ್ಟೆಯಾಗಿ ನೀರು ಉಳಿಸುತ್ತದೆ. ಅಂಚು ಹರಿದಿದ್ದರೆ ಒಂದೇ ತೆಳುಗೆರೆ ಪ್ರತಿಸಲವೂ ಅದೇ ಜಾಗದಲ್ಲಿ ಮೂಡುತ್ತದೆ. ರಬ್ಬರು ಪೂರ್ತಿ ಸವೆದು ಲೋಹದ ಪಟ್ಟಿ ಗಾಜಿಗೆ ತಾಗಿದರೆ ಕೆಲವೇ ಓಟಗಳಲ್ಲಿ ಸರಿಪಡಿಸಲಾಗದ ಆಳದ ಗೀರು ಬೀಳುತ್ತದೆ.

ವರ್ಷದ ಬಹುಭಾಗ ಬಿಸಿಲಿನಲ್ಲಿ ನಿಷ್ಕ್ರಿಯವಾಗಿದ್ದು, ಮುಂಗಾರಿನ ಮೊದಲ ಮಳೆಗೆ ಥಟ್ಟನೆ ಕೆಲಸಕ್ಕಿಳಿಯುವ ವೈಪರು ಹೆಚ್ಚು ಹಾನಿ ಮಾಡುತ್ತದೆ. ಆ ವೇಳೆಗೆ ರಬ್ಬರು ಒಣಗಿರುತ್ತದೆ, ಗಾಜಿನ ಮೇಲೆ ಬೇಸಿಗೆಯ ಧೂಳು ಕೂತಿರುತ್ತದೆ, ಮೊದಲ ಹನಿಗಳು ಅದನ್ನು ತೊಳೆದುಹಾಕುವಷ್ಟು ಇರುವುದಿಲ್ಲ. ಸಂಡೂರಿನಂಥ ಗಣಿ ಪ್ರದೇಶಗಳಲ್ಲಿ ಈ ಧೂಳಿನೊಂದಿಗೆ ಕಬ್ಬಿಣದ ಅದಿರಿನ ಗಡುಸು ಕಣಗಳೂ ಬೆರೆತಿರುತ್ತವೆ. ಧೂಳು ಕುಳಿತ ಗಾಜಿನ ಮೇಲೆ ನೀರು ಚಿಮುಕಿಸದೆ ವೈಪರು ಓಡಿಸುವುದು ಮತ್ತು ಒಣಬಟ್ಟೆಯಿಂದ ಗಾಜನ್ನು ಒರೆಸುವುದು ಸೂಕ್ಷ್ಮ ಗೀರುಗಳಿಗೆ ಪ್ರಮುಖ ಕಾರಣಗಳಾಗಿವೆ. ಚಕ್ರವನ್ನೂ ಗಾಜನ್ನೂ ಒಂದೇ ಬಕೆಟ್ಟಿನ ನೀರಿನಲ್ಲಿ ಅದ್ದಿದ ಒಂದೇ ಬಟ್ಟೆಯಿಂದ ಒರೆಸುವ ರೂಢಿಯೂ ಇದೇ ಸಾಲಿಗೆ ಸೇರುತ್ತದೆ.

ಸ್ವಚ್ಛಗೊಳಿಸುವ ವಿಧಾನ

ಮೊದಲು ಧಾರಾಳ ನೀರು ಸುರಿದು ಮರಳಿನ ಕಣಗಳನ್ನು ಉಜ್ಜದೆಯೇ ಹರಿಸಿಬಿಡಬೇಕು. ಬಳಿಕ ಶಾಂಪೂ ನೀರಿನಲ್ಲಿ ಅದ್ದಿದ ಮೆತ್ತನೆಯ ಬಟ್ಟೆಯಿಂದ ತೊಳೆದು, ಜಿಡ್ಡು ಉಳಿದಿದ್ದರೆ ಆಲ್ಕೊಹಾಲಿನಿಂದ ಒರೆಸಲಾಗುತ್ತದೆ. ಲವಣದ ಕಲೆಗಳಿಗೆ ಸಮಪ್ರಮಾಣದ ನೀರು ಬೆರೆಸಿದ ಬಿಳಿ ವಿನೆಗರನ್ನು ಬಟ್ಟೆಗೆ ಹಾಕಿ ಕೆಲವು ನಿಮಿಷ ಗಾಜಿನ ಮೇಲಿರಿಸಿದರೆ ಅದರಲ್ಲಿನ ಅಸಿಟಿಕ್ ಆಮ್ಲವು ಕಾರ್ಬೊನೇಟ್ ಲವಣಗಳನ್ನು ಕರಗಿಸುತ್ತದೆ. ಅನಂತರ ಶುದ್ಧ ನೀರಿನಿಂದ ತೊಳೆಯುವುದು ಅವಶ್ಯಕ. ಬಹುಕಾಲದಿಂದ ಉಳಿದ ಸಿಲಿಕಾ ಬೆರೆತ ಕಲೆಗಳು ವಿನೆಗರಿಗೆ ಜಗ್ಗುವುದಿಲ್ಲ. ಬಿಸಿಲಿನಲ್ಲಿ ಕಾದ ಗಾಜಿನ ಮೇಲೆ ಈ ಕೆಲಸಗಳನ್ನು ಮಾಡಿದರೆ ದ್ರವವು ಒರೆಸುವ ಮುನ್ನವೇ ಒಣಗಿ ಹೊಸ ಗೆರೆಗಳನ್ನು ಉಳಿಸುತ್ತದೆ.

ಗಾಜನ್ನಷ್ಟೇ ಸ್ವಚ್ಛಗೊಳಿಸಿ ವೈಪರಿನ ರಬ್ಬರನ್ನು ಹಾಗೆಯೇ ಬಿಡುವುದು ಸಾಮಾನ್ಯವಾದ ತಪ್ಪು. ರಬ್ಬರಿನಲ್ಲಿ ಸೇರಿಕೊಂಡ ಜಿಡ್ಡು ಮೊದಲ ಓಟದಲ್ಲೇ ಗಾಜಿಗೆ ಮರಳುತ್ತದೆ. ಒದ್ದೆ ಬಟ್ಟೆಯನ್ನು ಅಂಚಿನುದ್ದಕ್ಕೂ ಹಿಡಿದೆಳೆದು, ಬಟ್ಟೆಗೆ ಕಪ್ಪು ಹತ್ತುವುದು ನಿಲ್ಲುವವರೆಗೆ ಒರೆಸಬೇಕು.

ಗೀರುಗಳ ದುರಸ್ತಿ

ಉಗುರಿಗೆ ತಡೆಯದ ಗೀರುಗಳನ್ನು ಸೀರಿಯಂ ಆಕ್ಸೈಡ್ ಪುಡಿಯಿಂದ ಉಜ್ಜಿ ತೆಳುಗೊಳಿಸಬಹುದು. ಕನ್ನಡಕ ಮತ್ತು ಕ್ಯಾಮೆರಾಗಳ ಮಸೂರಗಳಿಗೆ ಹೊಳಪು ನೀಡಲು ಬಳಸುವ ವಸ್ತುವೂ ಇದೇ. ನೀರಿನ ಸಂಪರ್ಕದಲ್ಲಿ ಅದರ ಕಣಗಳು ಗಾಜಿನ ಸಿಲಿಕಾದೊಂದಿಗೆ ರಾಸಾಯನಿಕವಾಗಿ ಬೆಸೆದುಕೊಂಡು ಮೇಲ್ಪದರವನ್ನು ಅತಿ ಸೂಕ್ಷ್ಮ ಪ್ರಮಾಣದಲ್ಲಿ ಕಳಚುತ್ತವೆ. ಆದ್ದರಿಂದ ಮರಳುಕಾಗದದಂತೆ ಹೊಸ ಗೀರುಗಳನ್ನು ಮೂಡಿಸದೆ ಗಾಜನ್ನು ನಯವಾಗಿಸುತ್ತವೆ. ಗೀರಿನ ಜಾಗವನ್ನು ಒಳಗಿನಿಂದ ಗುರುತು ಮಾಡಿಕೊಂಡು, ಸುತ್ತಲಿನ ಬಣ್ಣ ಮತ್ತು ರಬ್ಬರನ್ನು ಟೇಪಿನಿಂದ ಮುಚ್ಚಿ, ಪುಡಿಯನ್ನು ನೀರಿನಲ್ಲಿ ಕಲಸಿ, ನಿಧಾನಗತಿಯ ಯಂತ್ರಕ್ಕೆ ಜೋಡಿಸಿದ ಉಣ್ಣೆಯ ಒತ್ತುಬಟ್ಟೆಯ ಬಿಲ್ಲೆಯಿಂದ ಉಜ್ಜಲಾಗುತ್ತದೆ. ಬಿಲ್ಲೆಯನ್ನು ಒಂದೇ ಕಡೆ ನಿಲ್ಲಿಸಬಾರದು, ಲೇಪವು ಒಣಗಲೂಬಾರದು. ಘರ್ಷಣೆಯ ಶಾಖ ಒಂದೆಡೆ ಕೇಂದ್ರೀಕರಿಸಿದರೆ ಗಾಜು ಬಿರಿಯಬಹುದು. ಅಂಗೈ ಇಟ್ಟರೆ ಬಿಸಿ ತಾಗುವಂತಾದಾಗ ಕೆಲಸ ನಿಲ್ಲಿಸಿ, ಗಾಜು ತಾನಾಗಿಯೇ ತಣಿಯಲು ಬಿಡಬೇಕು. ಕಾದ ಗಾಜಿಗೆ ತಣ್ಣೀರು ಸುರಿಯುವುದೂ ಅಪಾಯಕರ.

ಆಳವಾದ ಗೀರನ್ನು ಇದೇ ಕ್ರಮದಲ್ಲಿ ತೆಗೆಯಲು ಹೊರಟರೆ ಬೇರೊಂದು ತೊಡಕು ಎದುರಾಗುತ್ತದೆ. ಗೀರಿದ್ದ ಜಾಗವು ಬಟ್ಟಲಿನಂತೆ ತಗ್ಗಾಗಿ ಮಸೂರದಂತೆ ವರ್ತಿಸುತ್ತದೆ. ಅದರ ಮೂಲಕ ನೋಡಿದರೆ ದೂರದ ಕಂಬ ಬಾಗಿದಂತೆಯೂ ರಸ್ತೆಯ ಅಂಚು ಅಲುಗಿದಂತೆಯೂ ತೋರುತ್ತದೆ. ಚಾಲಕನ ಕಣ್ಣಿನ ನೇರದಲ್ಲಿ ಇಂಥ ವಿರೂಪವಿರುವುದು ಗೀರಿಗಿಂತಲೂ ಕೆಟ್ಟದ್ದು. ಮಾರುಕಟ್ಟೆಯಲ್ಲಿ ದೊರೆಯುವ ಉಜ್ಜುವ ಸಲಕರಣೆಗಳ ಜಾಹೀರಾತುಗಳು ಈ ಅಂಶವನ್ನು ಅಷ್ಟಾಗಿ ಹೇಳುವುದಿಲ್ಲ. ಉಜ್ಜಿದ ಬಳಿಕ ಕಿಟಕಿಯ ಸರಳುಗಳಂಥ ನೇರ ರೇಖೆಗಳನ್ನು ಆ ಜಾಗದ ಮೂಲಕ ತಲೆ ಅಲುಗಿಸುತ್ತ ನೋಡಿದರೆ ವಿರೂಪ ಉಂಟಾಗಿದೆಯೇ ಎಂಬುದು ತಿಳಿಯುತ್ತದೆ.

ಹಲ್ಲುಜ್ಜುವ ಪೇಸ್ಟು ಮತ್ತು ಅಡುಗೆ ಸೋಡಾ ಗೀರುಗಳನ್ನು ಮಾಯಮಾಡುತ್ತವೆಂಬ ನಂಬಿಕೆ ವ್ಯಾಪಕವಾಗಿದೆ. ಇವು ಗಾಜಿನ ಮೇಲಿನ ಪೊರೆಯನ್ನು ತೆಗೆಯಬಲ್ಲವೇ ಹೊರತು ಗಾಜನ್ನು ಗೀರಿನ ಆಳದವರೆಗೆ ಸವೆಸಲಾರವು. ಪೇಸ್ಟಿನಿಂದ ಗೀರು ಹೋಯಿತೆಂದು ಹೇಳಲಾಗುವ ಸಂದರ್ಭಗಳಲ್ಲಿ ಅಲ್ಲಿ ಇದ್ದುದು ಜಿಡ್ಡಿನ ಗೆರೆಯೇ ಆಗಿರುವ ಸಾಧ್ಯತೆ ಹೆಚ್ಚು. ಕಲ್ಲು ಬಡಿದು ಉಂಟಾದ ಬಿರುಕುಗಳಿಗೆ ತುಂಬುವ ರಾಳವೂ ವೈಪರಿನ ಗೀರಿಗೆ ಒಗ್ಗುವುದಿಲ್ಲ. ಬಿರುಕಿನ ಒಳಗೆ ರಾಳ ಹಿಡಿದುಕೊಳ್ಳುತ್ತದೆ. ತೆರೆದ, ಆಳವಿಲ್ಲದ ಗೀರಿನಲ್ಲಿ ಅದು ನಿಲ್ಲುವುದಿಲ್ಲ.

ನಿಯಮಗಳು ಮತ್ತು ಬದಲಾವಣೆ

ಭಾರತದ ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 100ನೆಯ ನಿಯಮವು ಮುಂಗಾಜು ಮತ್ತು ಹಿಂಗಾಜುಗಳು ಕನಿಷ್ಠ 70 ಶೇಕಡಾ ಬೆಳಕನ್ನು ಒಳಬಿಡಬೇಕೆಂದು ವಿಧಿಸುತ್ತದೆ. ಬೆಳಕು ಎಷ್ಟು ಒಳಬರುತ್ತದೆ ಎಂಬ ಈ ಅಳತೆಯು ಬೆಳಕು ಎಷ್ಟು ಚದುರುತ್ತದೆ ಎಂಬುದನ್ನು ಸೂಚಿಸುವುದಿಲ್ಲ. ಗೀರುಗಳಿಂದ ತುಂಬಿದ ಗಾಜು ಕೂಡ ಈ ಪ್ರಮಾಣವನ್ನು ದಾಟಬಹುದು. ಬ್ರಿಟನ್ನಿನ ವಾರ್ಷಿಕ ವಾಹನ ತಪಾಸಣೆಯಲ್ಲಿ ಸ್ಟೀರಿಂಗ್ ಚಕ್ರದ ನಡುವಿಗೆ ನೇರವಾಗಿ 290 ಮಿಲಿಮೀಟರ್ ಅಗಲದ ಪಟ್ಟಿಯನ್ನು ಗುರುತಿಸಿ, ಅದರೊಳಗೆ 10 ಮಿಲಿಮೀಟರಿಗಿಂತ ದೊಡ್ಡ ಹಾನಿಯಿದ್ದರೆ ವಾಹನವನ್ನು ಅನುತ್ತೀರ್ಣಗೊಳಿಸಲಾಗುತ್ತದೆ. ವೈಪರು ಸವರುವ ಉಳಿದ ಭಾಗದಲ್ಲಿ ಈ ಮಿತಿ 40 ಮಿಲಿಮೀಟರ್.

ಉಗುರಿಗೆ ತಡೆಯುವ ಗೀರು ಚಾಲಕನ ಕಣ್ಣಿನ ನೇರದಲ್ಲಿದ್ದರೆ ಗಾಜನ್ನು ಬದಲಿಸುವುದೇ ಸುರಕ್ಷಿತ. ಬಳಕೆಯಿಂದಾದ ಸವೆತವನ್ನು ವಾಹನ ವಿಮೆಯು ಸಾಮಾನ್ಯವಾಗಿ ಹೊರಗಿಡುವುದರಿಂದ ಈ ವೆಚ್ಚ ಬಹುಪಾಲು ಮಾಲೀಕನ ಮೇಲೆಯೇ ಬೀಳುತ್ತದೆ. ಹಿಂಬದಿ ನೋಡುವ ಕನ್ನಡಿಯ ಬಳಿ ಕ್ಯಾಮೆರಾ ಅಳವಡಿಸಿರುವ ವಾಹನಗಳಲ್ಲಿ ಗಾಜು ಬದಲಿಸಿದ ಬಳಿಕ ಕ್ಯಾಮೆರಾವನ್ನು ಮರುಹೊಂದಿಸಬೇಕಾಗುತ್ತದೆ. ಗಾಜನ್ನು ಚೌಕಟ್ಟಿಗೆ ಕೂರಿಸಿದ ಅಂಟು ಗಟ್ಟಿಯಾಗುವವರೆಗೆ ವಾಹನವನ್ನು ಓಡಿಸುವಂತಿಲ್ಲ. ಹೊಸ ಗಾಜಿನೊಂದಿಗೆ ವೈಪರಿನ ರಬ್ಬರನ್ನೂ ಬದಲಿಸಲಾಗುತ್ತದೆ. ಹಳೆಯ ರಬ್ಬರಿನಲ್ಲಿ ಹೂತ ಕಣಗಳು ಹೊಸ ಗಾಜಿನ ಮೇಲೂ ಹಿಂದಿನ ಜಾಗದಲ್ಲೇ ಗೀರು ಮೂಡಿಸಬಲ್ಲವು.